ಸಾಹೇಬರಿಗಾಗಿ ಗುಡಿಸಿದ ಅಂಗಡಿ

ಅಬ್ಬಾ,

ಸಲಾಂ. ಈ ಕಾಗದ ಕನ್ನಡದಲ್ಲಿದೆ, ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತು. ಬದುಕಿದ್ದಾಗಲೂ ನಿಮಗೆ ಬಂದ ಕನ್ನಡದ ಕಾಗದಗಳನ್ನೆಲ್ಲ ನಾನೇ ತಾನೆ ಓದಿ ಹೇಳುತ್ತಿದ್ದುದು? ಕರೆಂಟ್ ಬಿಲ್ಲು, ನನ್ನ ಶಾಲೆಯಿಂದ ಬಂದದ್ದು, ಬ್ಯಾಂಕಿನಿಂದ ಬಂದದ್ದು... ಇದನ್ನೂ ಓದಿ ಹೇಳುತ್ತೇನೆ. ಮುಂದಿನ ಸಲ ಹುಮನಾಬಾದಿಗೆ ಬಂದಾಗ ಕಬರಸ್ತಾನದ ಗೋಡೆಯ ಹೊರಗೆ, ಹೆಂಗಸರು ನಿಲ್ಲುವ ಆ ಬೇವಿನ ಗಿಡದ ಕೆಳಗೆ ನಿಂತು ಜೋರಾಗಿಯೇ ಓದುತ್ತೇನೆ. ದಾರಿಯಲ್ಲಿ ಹೋಗುವವರ ಕಿವಿಗೆ ಬಿದ್ದರೆ ಬೀಳಲಿ. ಅರ್ಧ ಕಾಗದ ಅವರಿಗೇ ಬರೆದದ್ದು.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ನೀವು ಹೋದ ದಿನದಿಂದ ಇಂದಿನವರೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ನಿಮ್ಮಪ್ಪ ಭಾಳ ಶರೀಫ್ ಮನಷ್ಯಾ ಇದ್ದ." ಆ ಮಾತು ಕೇಳಿದಾಗಲೆಲ್ಲ ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ಮಾತ್ರ ಮೈ ಉರಿಯುತ್ತದೆ. ಶರೀಫ್ ಆಗಿ, ಅಷ್ಟು ಸಭ್ಯರಾಗಿ ಇದ್ದದ್ದರಿಂದ ನಿಮಗೆ ಸಿಕ್ಕಿದ್ದಾದರೂ ಏನು? ಒಂದು ಮಷಿನ್ ಸಿಕ್ಕಿತೇ? ಒಂದು ಕಿಟಕಿ ಇರುವ ಜಾಗ ಸಿಕ್ಕಿತೇ?

ನಾವು ಹುಮನಾಬಾದಿಗೆ ಬಂದ ದಿನ ನನಗೆ ಮಸುಕಾಗಿ ನೆನಪಿದೆ. ಸೋಲಾಪುರದ ರಸ್ತೆಯ ಮೇಲೆ ಲಾರಿಯೊಂದು ನಮ್ಮನ್ನು ಇಳಿಸಿ ಹೋಯಿತು. ನಿಮ್ಮ ಹೆಗಲ ಮೇಲೆ ಹತ್ತಿ ಹಿಂಜುವ ಉದ್ದನೆಯ ಬಿಲ್ಲು, ಅಮ್ಮಿಯ ತಲೆಯ ಮೇಲೆ ಟ್ರಂಕು, ನಾನು ನಿಮ್ಮ ಅಂಗಿಯ ಚುಂಗು ಹಿಡಿದುಕೊಂಡಿದ್ದೆ. ಬಿಹಾರದ ನಿಮ್ಮೂರಿನಲ್ಲಿ ಹಿಂಜುವವರು ಬಹಳ, ಹಿಂಜಿಸುವವರು ಕಡಿಮೆ ಎಂದು ಇಷ್ಟು ದೂರ ಬಂದಿದ್ದಿರಿ. ಚಳಿಗಾಲ ಮುಗಿದ ಕೂಡಲೇ ವಾಪಸ್ಸು ಎಂದು ಅಮ್ಮಿಗೆ ಮಾತು ಕೊಟ್ಟಿದ್ದಿರಂತೆ. ಓಣಿ ಓಣಿಗಳಲ್ಲಿ ಬಿಲ್ಲಿನ ತಂತಿ ಮೀಟುತ್ತ ನಡೆದರೆ ಸಾಕು, ಬೇರೆ ಕೂಗುವ ಕೆಲಸವೇ ಇರಲಿಲ್ಲ. ಹೆಂಗಸರು ಚಪ್ಪಟೆಯಾದ ಹಳೆಯ ಗಾದಿಗಳನ್ನು ಹೊತ್ತು ಹೊರಗೆ ಬರುತ್ತಿದ್ದರು. ನೀವು ಅವರ ಅಂಗಳದಲ್ಲೇ ಕೂತು ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ, ಹೊಲಿದು ಕೊಡುತ್ತಿದ್ದಿರಿ. ಚಳಿಗಾಲ ಮುಗಿಯಿತು. ಮದುವೆಯ ಕಾಲ ಬಂತು, ಹೆಣ್ಣಿನ ಜೊತೆ ಗಾದಿ, ಲೋಡು, ತಲೆದಿಂಬು ಕಳಿಸುವ ಊರಿದು. ನಾವು ಉಳಿದೆವು.

ನಿಮ್ಮ ಹೆಸರು ಇದ್ರೀಸ್ ಎಂದು ಆ ಊರಿನಲ್ಲಿ ಎಷ್ಟು ಜನರಿಗೆ ಗೊತ್ತಿತ್ತು, ಅಬ್ಬಾ? ಅಂಗಡಿ ಹಿಡಿದ ಮೇಲೂ ನೀವು 'ಬಿಹಾರಿ', ನಾನು 'ಬಿಹಾರಿ ಮಗಳು'. ಅದೇ ಊರಿನ ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲಿ ತರಗತಿಗೇ ಮೊದಲು ಬಂದರೂ ಗುರುಗಳು ಹೇಳಿದ್ದು, "ನೋಡ್ರಿ, ಬಿಹಾರದಾಕಿ ಎಷ್ಟ್ ಛಲೋ ಬರೀತಾಳ, ನಿಮಗ ನಾಚಿಕಿ ಬರಬೇಕು." ನಾನು ಮನೆಗೆ ಬಂದು ಅತ್ತೆ. ಹೊಗಳಿದ್ದಾರಲ್ಲ, ಅಳುತ್ತೀಯಲ್ಲ ಎಂದು ನೀವು ನಕ್ಕಿರಿ. ಎಲ್ಲದಕ್ಕೂ ನಗುತ್ತಿದ್ದಿರಿ ನೀವು.

ಅಂಗಡಿ ಎಂದರೆ ಎಷ್ಟು? ಮುಂದೆ ಒಂದು ಕೋಣೆ, ನಡುವೆ ಪರದೆ, ಹಿಂದೆ ನಾವು ಮೂವರು ಮಲಗುವ ಕೋಣೆ. ಆದರೂ ಗಿರಾಕಿಗಳು ಸಾಲುಗಟ್ಟಿ ಬರುತ್ತಿದ್ದರು, ಏಕೆಂದರೆ ನಿಮ್ಮ ಗಾದಿ ವರ್ಷಗಟ್ಟಲೆ ಗಂಟಾಗುತ್ತಿರಲಿಲ್ಲ. ತೊಂದರೆ ಒಂದೇ, ನಿಮ್ಮ ಹತ್ತಿರ ಇದ್ದದ್ದು ಬಿಲ್ಲು. ಬಜಾರಿನ ಸೇಠ್ ಹತ್ತಿರ ಮಷಿನ್ ಇತ್ತು. ನೀವು ದಿನವಿಡೀ ಹಿಂಜುವ ಹತ್ತಿಯನ್ನು ಅದು ನೀವು ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಹಿಂಜಿ ಹಾಕುತ್ತಿತ್ತು. ಮದುವೆಯ ದಿನಗಳಲ್ಲಿ ಬಿಲ್ಲು ಸಾಲದೆ ಹತ್ತಿಯ ಚೀಲಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಸೇಠ್‌ನ ಗೋದಾಮಿಗೆ ಹೋಗುತ್ತಿದ್ದಿರಿ. ಅವನು ತನ್ನ ಕೆಲಸವೆಲ್ಲ ಮುಗಿಯುವವರೆಗೆ ನಿಮ್ಮನ್ನು ಹೊರಗೆ ಕೂರಿಸುತ್ತಿದ್ದ. ಅಷ್ಟರಲ್ಲಿ ನಿಮ್ಮ ಗಿರಾಕಿ ಅವನ ಗಿರಾಕಿ ಆಗಿಬಿಡುತ್ತಿದ್ದ.

"ನಮ್ಮದೇ ಒಂದು ಮಷಿನ್ ಇದ್ದರೆ" ಎಂದು ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದಿರಿ. ಮಾತು ಮುಗಿಸುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ ಬಾಗಿಲ ಕಡೆ ನೋಡುತ್ತಿದ್ದಿರಿ. ಅಂಗಡಿಯ ಬಾಗಿಲಿಗೇ ಇಡಬೇಕು, ಗಾಳಿ ಬರಬೇಕು, ಧೂಳು ರಸ್ತೆಗೆ ಹೋಗಬೇಕು, ಅದಷ್ಟೇ ನಿಮ್ಮ ಕನಸು. ಬೇರೆಯವರ ಅಪ್ಪಂದಿರು ಬಂಗಲೆ ಕಟ್ಟಿಸುವ ಕನಸು ಕಾಣುತ್ತಾರೆ.

ಬ್ಯಾಂಕಿಗೆ ಮೊದಲ ಸಲ ಹೋದಾಗ ನಾನು ಹೈಸ್ಕೂಲಿನ ಸಮವಸ್ತ್ರದಲ್ಲೇ ಬಂದಿದ್ದೆ, ನಿಮ್ಮ ಮಾತು ಅವರಿಗೆ, ಅವರ ಮಾತು ನಿಮಗೆ ಹೇಳಲು. ಗಿರಾಕಿಗಳ ಜೊತೆ ಆಡುವಷ್ಟು ಹರಕು ಕನ್ನಡ ನಿಮಗೆ ಬರುತ್ತಿತ್ತು, ಬ್ಯಾಂಕಿನ ಮಾತಿಗೆ ಅದು ಸಾಲುತ್ತಿರಲಿಲ್ಲ. ಗೋಡೆಯ ಮೇಲೆ ಹೊಲಿಗೆ ಮಷಿನ್ನಿನ ಮುಂದೆ ನಗುತ್ತಿರುವ ಹೆಂಗಸಿನ ದೊಡ್ಡ ಚಿತ್ರವಿತ್ತು. ಕೆಳಗೆ 'ಸಣ್ಣ ವ್ಯಾಪಾರಿಗಳಿಗೆ ಸಾಲ, ಜಾಮೀನು ಬೇಕಿಲ್ಲ' ಎಂದು ಬರೆದಿತ್ತು. ನಾನು ಓದಿ ಹೇಳಿದೆ. ನಿಮ್ಮ ಮುಖ ಅರಳಿತು. ಕೌಂಟರಿನಲ್ಲಿದ್ದವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಬೋರ್ಡ್ ಮ್ಯಾಲಿಂದು ಖರೇನೇ ಅದ. ಆದ್ರ ನಿಮ್ಮಂಥವ್ರಿಗಿ ಜಾಮೀನು ಬೇಕು. ನಾಳಿಗಿ ಗಂಟು ಕಟ್ಟಿ ಹೋದ್ರಂದ್ರ ನಾವು ಬಿಹಾರದಾಗ ಎಲ್ಲಿ ಹುಡುಕೂಣು?"

"ಏನಂದರು, ಬಿಟಿಯಾ?" ಎಂದು ನನ್ನ ಮುಖ ನೋಡಿದಿರಿ. ನಾನು ಒಂದಕ್ಷರ ಬಿಡದೆ ಹೇಳಿದೆ, ನಿಮಗೂ ಸಿಟ್ಟು ಬರಲಿ ಎಂದೇ ಹೇಳಿದೆ. ನೀವೋ, "ಸರಿಯಾಗೇ ಹೇಳಿದರಲ್ಲ. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ" ಎಂದಿರಿ. ಎಲ್ಲರ ಜಾಗದಲ್ಲೂ ನಿಂತು ನೋಡಿದಿರಿ ಅಬ್ಬಾ, ನಿಮ್ಮ ಜಾಗವೊಂದನ್ನು ಬಿಟ್ಟು.

ಹುಡಗಿ ಗ್ರಾಮದ ಕಾಶಮ್ಮ ಆಯಿಯ ಹತ್ತಿರ ಹೋದದ್ದು ಆಮೇಲೆ. ಅವಳ ಮನೆಯ ಗಾದಿಗಳೆಲ್ಲ ನಿಮ್ಮ ಕೈಯವೇ. ಹೊಲವಿತ್ತು, ಊರಲ್ಲಿ ಅವಳ ಮಾತು ನಡೆಯುತ್ತಿತ್ತು. ನೀವು ಜಾಮೀನಿನ ಮಾತು ಪೂರ್ತಿ ಹೇಳುವ ಮೊದಲೇ, "ಯಾಕ ಆಗಬಾರದು ಇದ್ರೀಸ? ನಾ ಹೆಬ್ಬಟ್ಟ ಒತ್ತತೀನಿ, ನಡೀ" ಎಂದು ಚಪ್ಪಲಿ ಮೆಟ್ಟಿದಳು. ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. ಅಂಗಳ ದಾಟುವಷ್ಟರಲ್ಲಿ ಅವಳ ಹಿರಿಯ ಮಗ ಅಡ್ಡ ಬಂದ. "ಅವ್ವಾ, ಗಾದಿ ಮಾಡ್ಯಾನ, ರೊಕ್ಕ ಕೊಟ್ಟೀವಿ. ಮುಗೀತು. ಎಲ್ಲಿಂದ ಬಂದಾನೋ ಏನೋ, ಆಂವಗ ಸಹಿ ಯಾಕ ಕೊಡಬೇಕು?" ಆಯಿ ಅಂಗಳದಲ್ಲೇ ನಿಂತಳು. ಆಮೇಲೆ ಒಳಗೆ ಹೋದಳು. ನೀವು ಆ ಮಗನಿಗೂ ನಮಸ್ಕಾರ ಮಾಡಿಯೇ ಹೊರಟಿರಿ.

ಹಾಗಂತ ಬ್ಯಾಂಕಿನ ದೊಡ್ಡ ಸಾಹೇಬರು ಕೆಟ್ಟವರೇನಲ್ಲ, ಅದನ್ನೂ ಹೇಳಬೇಕು. ನಿಮ್ಮನ್ನು ಕೂರಿಸಿ ಮಾತಾಡಿಸಿದರು. "ಜಾಮೀನು ಇರಲಿಲ್ಲಂದ್ರೂ ನಡೀತದ. ನಾ ಖುದ್ದ ಬಂದು ದುಕಾನ ನೋಡ್ತೀನಿ. ಧಂದಾ ಛಲೋ ನಡದಿತ್ತಂದ್ರ ಮಾಡೂಣು" ಎಂದರು. ನಾನು ಅದನ್ನು ಹೇಳಿದಾಗ ನೀವು ಎದ್ದು ನಿಂತು ಎರಡೂ ಕೈಯಿಂದ ಸಲಾಂ ಮಾಡಿದಿರಿ. ದಾರಿಯುದ್ದಕ್ಕೂ ಸೈಕಲ್ ಹತ್ತಲಿಲ್ಲ, ನೂಕಿಕೊಂಡೇ ನಡೆದಿರಿ. ಧಂದಾ ಅಂದರೆ ಚೆನ್ನಾಗಿಯೇ ನಡೆದಿತ್ತಲ್ಲ? ಮದುವೆಯ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದನ್ನು ಕಂಡವರು ಯಾರು ತಾನೆ ಇಲ್ಲ ಎನ್ನುತ್ತಾರೆ?

ಸಾಹೇಬರು ಬರುವ ದಿನ ಬೆಳಿಗ್ಗೆ ನಾನು ಎದ್ದಾಗ ನೀವು ಆಗಲೇ ಗುಡಿಸುತ್ತಿದ್ದಿರಿ. ಹತ್ತಿಯ ಚೀಲಗಳನ್ನೆಲ್ಲ ಒಳಕೋಣೆಗೆ ಸಾಗಿಸಿದಿರಿ, ನಮ್ಮ ಹಾಸಿಗೆಯ ಮೇಲೆ ಸೂರಿನವರೆಗೆ ಒಟ್ಟಿದಿರಿ. ಮದುವೆ ಮನೆಗಳ ಗಾದಿ, ಲೋಡು ಎಲ್ಲವೂ ಒಳಗೆ. ಬಿಲ್ಲನ್ನು ಒರೆಸಿ ಪರದೆಯ ಹಿಂದೆ ಇಟ್ಟಿರಿ. ಜಂತಿಯಿಂದ ಜೋತಾಡುತ್ತಿದ್ದ ಹತ್ತಿಯ ಎಳೆಗಳನ್ನು ಕೋಲಿಗೆ ಬಟ್ಟೆ ಕಟ್ಟಿ ತೆಗೆದಿರಿ. ಗೋಡೆ ಒರೆಸಿದಿರಿ. ನೆಲಕ್ಕೆ ನೀರು ಹಾಕಿ ತೊಳೆದಿರಿ. ಪಕ್ಕದ ಚಹಾದ ಅಂಗಡಿಯಿಂದ ಕುರ್ಚಿ ತಂದಿರಿ, ಅದರ ಮೇಲೆ ಅಮ್ಮಿ ಕಸೂತಿ ಹಾಕಿದ ಬಿಳಿಯ ಬಟ್ಟೆ. ಈದಿಗೆಂದು ಹೊಲಿಸಿದ ಅಂಗಿ ತೊಟ್ಟಿರಿ. ಆ ದಿನ ಬಂದ ಗಿರಾಕಿಗಳನ್ನು, "ಇಂದು ಬಂದ್ ಅದರಿ, ನಾಳಿ ಬರ್ರಿ, ಸಾಬ್ ಬರಾಕತ್ತಾರ" ಎಂದು ಬಾಗಿಲಿಂದಲೇ ಕಳಿಸಿದಿರಿ. "ದೊಡ್ಡ ಮನುಷ್ಯರು ಬರುತ್ತಿದ್ದಾರೆ, ಅವರ ಅಂಗಿಯ ಮೇಲೆ ಒಂದು ಎಳೆ ಬೀಳಬಾರದು" ಎಂದಿರಿ ನನಗೆ. ನಾನು ಶಾಲೆಗೆ ಹೋದೆ.

ಉಳಿದದ್ದು ಅಮ್ಮಿ ಹೇಳಿದ್ದು. ಅವಳು ಪರದೆಯ ಹಿಂದೆ ಚೀಲಗಳ ನಡುವೆ ಕೂತಿದ್ದಳು. ಸಾಹೇಬರು ಬಂದರು, ಕುರ್ಚಿಯಲ್ಲಿ ಕೂತರು. ಚಹಾ ಕುಡಿದರು, ನೀವು ಒತ್ತಾಯ ಮಾಡಿದ್ದಕ್ಕೆ ಇನ್ನೊಂದು ಕಪ್ಪು ಕುಡಿದರು. ಸುತ್ತ ನೋಡಿ, "ಎಲ್ಲಿ ಅದಪಾ ನಿನ್ನ ಧಂದಾ?" ಎಂದು ಕೇಳಿದರು. ನೀವು ಕೈಮುಗಿದು ಹೇಳಿದಿರಂತೆ: "ಸಾಬ್, ನೀವು ಬರ್ತೀರಂತ ಎಲ್ಲಾ ಸಾಫ್ ಮಾಡೀನ್ರಿ." ಅದನ್ನು ಅವರು ಮೆಚ್ಚಿಕೊಂಡರು ಎಂದೇ ನಿಮಗೆ ಅನ್ನಿಸಿತಂತೆ. ಪರದೆ ಸರಿಸಿ ತೋರಿಸಬೇಕು ಎಂದು ಹೊಳೆಯಲಿಲ್ಲವೇ? ಒಳಗೆ ಹೆಂಡತಿ ಕೂತಿದ್ದಾಳೆ, ಮನೆಯ ಒಳಕೋಣೆಗೆ ಪರರನ್ನು ಕರೆಯುವುದು ಹೇಗೆ ಎಂಬ ಸಂಕೋಚ ಅಡ್ಡ ಬಂತೇ? ಒಂದು ಬಟ್ಟೆ, ಅಬ್ಬಾ. ಅಮ್ಮಿಯ ಹಳೆಯ ಸೀರೆಯ ಒಂದು ತುಂಡು. ಅದರ ಹಿಂದೆ ಊರಿನ ಅರ್ಧ ಮದುವೆಗಳ ಗಾದಿಗಳು ಬಿದ್ದಿದ್ದವು.

ನಾನು ಶಾಲೆಯಿಂದ ಬಂದಾಗ ನೀವು ಕುರ್ಚಿ ವಾಪಸ್ಸು ಕೊಟ್ಟು ಬರುತ್ತಿದ್ದಿರಿ. "ಖುಷಿಯಾಗಿ ಹೋದರು ಬಿಟಿಯಾ, ಬಿಸ್ಕೀಟೂ ತಿಂದರು" ಎಂದು ನನ್ನ ತಲೆ ಸವರಿದಿರಿ. ಅಷ್ಟು ಸ್ವಚ್ಛವಾಗಿದ್ದ ನಿಮ್ಮ ಕೈಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಸಾಲ ಆಗುವುದಿಲ್ಲ ಎಂದು ತಿಳಿದಾಗ ಕಾರಣ ಕೇಳಲು ಹೋದೆವು. ಕೌಂಟರಿನವರು ಹೇಳಿದರು: "ಸಾಹೇಬ್ರು ನೋಡಿ ಬಂದಾರಲ್ಲ. ದುಕಾನದಾಗ ಏನೂ ನಡದಿಲ್ಲ, ಖಾಲಿ ಅದ ಅಂತ ಬರದಾರ. ಮಾಲಿಲ್ಲ, ಗಿರಾಕಿಲ್ಲ, ಯಾವದರ ಮ್ಯಾಲ ಕೊಡಬೇಕು?" ನೀವು ಎಂದಿನಂತೆ ನನ್ನ ಮುಖ ನೋಡಿದಿರಿ. ಆ ಮಾತನ್ನು ನಿಮ್ಮ ಭಾಷೆಗೆ ತಂದವಳು ನಾನು. ನಿಮ್ಮ ಅಂಗಡಿ ಖಾಲಿ ಇದೆಯಂತೆ ಅಬ್ಬಾ ಎಂದು ನನ್ನ ಬಾಯಿಂದಲೇ ಹೇಳಿದೆ. ನೀವು ಒಮ್ಮೆ ಬಾಯಿ ತೆರೆದಿರಿ. ಕೂಗುತ್ತೀರಿ ಎಂದುಕೊಂಡೆ. ಕೂಗಲಿ ಎಂದು ಕಾದೆ. ಸಾಹೇಬರ ಕೈಹಿಡಿದು ಎಳೆದುಕೊಂಡು ಹೋಗಿ ಆ ಚೀಲಗಳನ್ನು ತೋರಿಸಲಿ ಎಂದು... ನೀವು ಕೌಂಟರಿನವರಿಗೆ ಹೇಳಿದ್ದು, "ಸಾಬ್‌ಗ ನಂದು ಸಲಾಂ ಹೇಳ್ರಿ."

ಹೊರಗೆ ಬಂದ ಮೇಲೆ ನಾನು ಜಗಳ ತೆಗೆದೆ. "ಮನೆಗೆ ಬಂದವರನ್ನು ಮೈಮೇಲೆ ಧೂಳು ಬೀಳಿಸಿ ಕಳಿಸುವುದೇ?" ಎಂದು ನೀವು ನನ್ನನ್ನೇ ಕೇಳಿದಿರಿ. ಇನ್ನೊಮ್ಮೆ ಅರ್ಜಿ ಹಾಕೋಣ ಎಂದರೆ, ಒಮ್ಮೆ ಇಲ್ಲ ಎಂದವರನ್ನು ಮತ್ತೆ ಪೀಡಿಸಬಾರದು ಎಂದಿರಿ. ಮುಂದಿನ ಮದುವೆಯ ಕಾಲ ಬರುವಷ್ಟರಲ್ಲಿ ಗಿರಾಕಿಗಳು ಮಷಿನ್ ಇದ್ದಲ್ಲಿಗೆ ಹೋದರು. ಅಂಗಡಿ ಬಿಟ್ಟಿರಿ. ಸೇಠ್‌ನ ಗೋದಾಮಿನಲ್ಲಿ ಸೇಠ್‌ನ ಮಷಿನ್ನಿಗೆ ಕೂಲಿಗೆ ನಿಂತಿರಿ. ಆ ಗೋದಾಮಿಗೆ ಒಂದು ಕಿಟಕಿ ಇರಲಿಲ್ಲ. ಬಾಗಿಲು ತೆರೆದರೆ ಹತ್ತಿ ಹಾರುತ್ತದೆ ಎಂದು ಸೇಠ್ ಬಾಗಿಲನ್ನೂ ಹಾಕಿಸುತ್ತಿದ್ದ.

ಒಂದು ದಿನ ಊಟದ ಹೊತ್ತಿಗೆ ನಗುತ್ತ ಬಂದಿರಿ. ಬ್ಯಾಂಕಿನ ಸಾಹೇಬರ ಮಗಳ ಮದುವೆಗೆ ಸೇಠ್ ಗಾದಿ ಕಳಿಸಿದ್ದ, ಹೊತ್ತು ಕೊಟ್ಟು ಬಂದವರು ನೀವು. ಸಾಹೇಬರು ಗುರುತು ಹಿಡಿದರಂತೆ. "ನೀ ಅವತ್ತ ಚಹಾ ಕುಡಿಸಿದಾಂವ ಅಲ್ಲೇನು? ಛಲೋ ಆತು ಬಿಡು, ಕೆಲಸ ಸಿಕ್ತಲ್ಲ. ಸುಮ್ನ ಖಾಲಿ ಕೂತಿದ್ದಿ" ಎಂದರಂತೆ. ಅದನ್ನು ಹೇಳಿ ಎಷ್ಟು ನಕ್ಕಿರಿ ಎಂದರೆ ಕೆಮ್ಮು ಬಂತು. ಆ ಗಾದಿಯ ಹತ್ತಿ ಹಿಂಜಿದವರು ನೀವು, ಹೊಲಿದವರು ನೀವು, ಅವರ ಮಗಳು ಅದರ ಮೇಲೆಯೇ ಮಲಗಿದಳು. ನಗುವುದು ಎಲ್ಲಿ ಬಂತು ಅದರಲ್ಲಿ? ಅವತ್ತು ಬಂದ ಕೆಮ್ಮು ಮತ್ತೆ ಹೋಗಲಿಲ್ಲ.

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಫೋಟೋ ಹಿಡಿದು ಬೆಳಕಿಗೆ ತೋರಿಸಿದಾಗ ನನಗೆ ಬಂದ ಯೋಚನೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನೀವು ಗುಡಿಸಿದ ಧೂಳು ಎಲ್ಲಿಯೂ ಹೋಗಿರಲಿಲ್ಲ. ಸಾಹೇಬರು ಕುರ್ಚಿಯಿಂದೆದ್ದು ನಿಮ್ಮ ಎದೆಗೆ ಕಿವಿಯಿಟ್ಟಿದ್ದರೆ ಧಂದಾ ಹೇಗೆ ನಡೆದಿದೆ ಎಂದು ಅಲ್ಲಿಯೇ ತಿಳಿಯುತ್ತಿತ್ತು. ಯಾರೂ ನಿಮ್ಮನ್ನು ಕೊಲ್ಲಲಿಲ್ಲ, ಅದು ನನಗೆ ಗೊತ್ತು. ಕೌಂಟರಿನವರು ತಮ್ಮ ಕೆಲಸ ಮಾಡಿದರು, ಆಯಿಯ ಮಗ ತನ್ನ ಹೊಲ ಕಾಯ್ದ, ಸಾಹೇಬರು ಕಂಡದ್ದನ್ನೇ ಬರೆದರು, ಸೇಠ್ ಕೂಲಿ ಕೊಟ್ಟ. ಎಲ್ಲರೂ ಒಳ್ಳೆಯವರೇ. ನನ್ನ ಸಿಟ್ಟನ್ನು ಯಾರ ಬಾಗಿಲಿಗೆ ಒಯ್ದು ಇಳಿಸಲಿ, ಹೇಳಿ?

ನಿಮ್ಮ ಮಣ್ಣಿಗೆ ಇಡೀ ಬಜಾರು ಬಂದಿತ್ತು. ಕಬರಸ್ತಾನದವರು ಎಲ್ಲಿಯವರು, ಯಾವಾಗ ಬಂದವರು ಎಂದು ಒಂದು ಮಾತು ಕೇಳಲಿಲ್ಲ, ಜಾಗ ತೋರಿಸಿದರು. ಹುಮನಾಬಾದಿನಲ್ಲಿ ಜಾಮೀನಿಲ್ಲದೆ ನಿಮಗೆ ಸಿಕ್ಕದ್ದು ಅದೊಂದೇ.

ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದವಳು ನಾನು ಸುಮ್ಮನೆ ಕೂರುತ್ತೇನೆ ಎಂದುಕೊಂಡಿದ್ದಿರಾ? ನನ್ನ ಗಂಡ ಮಹಬೂಬ್ ಟಂಟಂ ಆಟೋ ಓಡಿಸುತ್ತಾನೆ, ಒಳ್ಳೆಯ ಮನುಷ್ಯ, ನಿಮ್ಮಷ್ಟಲ್ಲ, ಅದೇ ನನಗೆ ಸಮಾಧಾನ. ರಸ್ತೆಗೆ ಮುಖ ಮಾಡಿದ ಅಂಗಡಿ ಹಿಡಿದೆವು. ಹಳೆಯ ಮಷಿನ್ ಒಂದನ್ನು ಬಾಡಿಗೆಗೆ ತಂದೆವು. ಅಮ್ಮಿಯೂ ನಮ್ಮ ಜೊತೆಗೇ ಇದ್ದಾಳೆ, ಗಾದಿ ಹೊಲಿಯುತ್ತಾಳೆ. ಸ್ವಂತ ಮಷಿನ್ನಿಗೆ ಸಾಲ ಕೇಳೋಣ ಎಂದಾಗ ಮಹಬೂಬ್ ಹೇಳಿದ, "ಅರ್ಜಿ ನನ್ನ ಹೆಸರಿಲೆ ಹಾಕೂಣು. ನಮ್ಮ ಮುತ್ಯಾನ ಕಾಲದಿಂದ ಇದೇ ಊರಾಗ ಅದೀವಿ, ಯಾರೂ ಏನೂ ಕೇಳಂಗಿಲ್ಲ." ಅವನು ಹೇಳಿದ್ದು ಸುಳ್ಳಲ್ಲ, ಹಾಗೆ ಮಾಡಿದ್ದರೆ ಸಲೀಸಾಗುತ್ತಿತ್ತು. ನಾನು ಒಪ್ಪಲಿಲ್ಲ. ಅರ್ಜಿ ನನ್ನ ಹೆಸರಿನಲ್ಲೇ ಹೋಗಬೇಕು, ತಂದೆಯ ಹೆಸರು ಎಂಬಲ್ಲಿ ನಿಮ್ಮ ಹೆಸರು ಇರಬೇಕು. ಈ ಸೀಮೆಯ ಒಂದು ಬ್ಯಾಂಕಾದರೂ ಆ ಹೆಸರನ್ನು ಓದಿ ಹೂಂ ಎನ್ನಬೇಕು. ಇಲ್ಲದಿದ್ದರೆ ಮಷಿನ್ನೇ ಬೇಡ ಎಂದೆ. ಮಹಬೂಬ್ ತಲೆ ಕೆರೆದುಕೊಂಡು ಟಂಟಂ ಹತ್ತಿದ.

ಇಲ್ಲಿನ ಬ್ಯಾಂಕಿನ ಸಾಹೇಬರು ಅಂಗಡಿ ನೋಡಲು ಬರುತ್ತಾರೆ ಎಂದು ಗೊತ್ತಾದ ಸಂಜೆ ಅಮ್ಮಿ ಮೊದಲು ಹುಡುಕಿದ್ದು ಕಸಬರಿಗೆಯನ್ನು. ನಾನು ಅದನ್ನು ತೆಗೆದು ಮಾಳಿಗೆಗೆ ಎಸೆದೆ. ಮಹಬೂಬನ ಟಂಟಂನಲ್ಲಿ ಕೊಹಿನೂರ ಹಳ್ಳಿಯಿಂದ ನಿರ್ಣಾ ಹಳ್ಳಿಯವರೆಗೆ, ಹುಮನಾಬಾದಿನಲ್ಲಿ ನಿಮ್ಮ ಹಳೆಯ ಗಿರಾಕಿಗಳ ಮನೆ ಮನೆಗೆ ಹೇಳಿ ಕಳಿಸಿದೆ: ಗಾದಿ ಹಿಂಜಿಸುವವರು ಅದೇ ದಿನ ತನ್ನಿ, ಬೇರೆ ದಿನ ಬೇಡ. ಬಂದವು ಅಬ್ಬಾ. ಬಾಗಿಲಿಗೆ ಅಡ್ಡ, ರಸ್ತೆಯವರೆಗೆ, ಒಂದರ ಮೇಲೊಂದು. ಒಂದು ಗಾದಿಯ ಜೊತೆ ಯಾರು ಬಂದು ಇಳಿದರು ಗೊತ್ತೇ? ಕಾಶಮ್ಮ ಆಯಿ. ಸೊಂಟ ಬಗ್ಗಿದೆ, ಕೋಲು ಬಂದಿದೆ. "ಇದು ನಿಮ್ಮಪ್ಪನ ಕೈಯಂದು ಅದ. ಬ್ಯಾರೇದವ್ರಿಗಿ ಬಿಚ್ಚಲಾಕ ಕೊಡಾಂಗಿಲ್ಲ" ಎಂದು ಅದರ ಮೇಲೆಯೇ ಕೂತಳು.

ಸಾಹೇಬರು ಬಂದಾಗ ಮಷಿನ್ ಜೋರಾಗಿ ತಿರುಗುತ್ತಿತ್ತು. ಈ ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು, ಆಂಧ್ರದ ಕಡೆಯವರು, ಕನ್ನಡ ಈಚೆಗೆ ಕಲಿತದ್ದು. ಅವರೂ ಹೊರಗಿನಿಂದ ಬಂದವರೇ, ಅವರಿಗೆ ಮಾತ್ರ ಈ ಊರಿನಲ್ಲಿ ಯಾರೂ ಜಾಮೀನು ಕೇಳಿಲ್ಲ. ಕೂರಲು ಕುರ್ಚಿ ಇಟ್ಟಿರಲಿಲ್ಲ. ಕರವಸ್ತ್ರ ಮೂಗಿಗೆ ಹಿಡಿದು, "ಅದನ್ನು ಸ್ವಲ್ಪ ನಿಲ್ಲಿಸಿ ಅಮ್ಮಾ" ಎಂದರು. "ನಿಂತ್ರ ಧಂದಾ ಕಾಣಸಂಗಿಲ್ರಿ ಸಾಹೇಬ್ರ" ಎಂದೆ. ಅವರ ಕಪ್ಪು ಕೂದಲು, ಇಸ್ತ್ರಿ ಮಾಡಿದ ಅಂಗಿ ಎಲ್ಲ ಬೆಳ್ಳಗಾಗುತ್ತಿತ್ತು. ಅಂಗಿಯನ್ನು ಕೊಡವಿ ಕೊಡಲು ನನ್ನ ಕೈ ತಾನಾಗಿಯೇ ಮೇಲೆದ್ದಿತು, ಅದು ನಿಮ್ಮ ಕೈ. ಹಿಡಿದು ಕೆಳಗಿಳಿಸಿದೆ.

"ನೀವು ಯಾವ ಊರಿನವರು?" ಎಂದು ಕೇಳಿದರು. ಹುಮನಾಬಾದ್ ಎಂದೆ. ಕಾಗದ ನೋಡಿ, "ಅಲ್ಲ, ಮೂಲ?" ಎಂದರು. "ನಮ್ಮಪ್ಪನ ಮಣ್ಣು ಅಲ್ಲೇ ಆಗ್ಯಾದರಿ. ಇನ್ನಾ ಯಾವ ಮೂಲ ಬೇಕ್ರಿ?" ಎಂದೆ. ಆಗ ಆಯಿ ಕೋಲೂರಿ ಎದ್ದಳು. "ಇಕಿ ನಮ್ಮಾಕೀನೇ ಅದಾಳ್ರಿ ಸಾಹೇಬ್ರ. ಬೇಕಂದ್ರ ನಾ ಹೆಬ್ಬಟ್ಟ ಒತ್ತತೀನಿ." ಬೇಕಾಗಿಲ್ಲ ಅಜ್ಜೀ, ಈಗ ಅದೆಲ್ಲ ಇಲ್ಲ ಎಂದು ಅವರು ನಕ್ಕು, ಕೆಮ್ಮುತ್ತ ಹೊರಟರು.

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಈ ಮಾತು ಅವತ್ತ ಎಲ್ಲಿತ್ತು ಆಯಿ?" ಎಂದು ಕೇಳಿದೆ. ಅಮ್ಮಿ ನನ್ನ ತೋಳು ಜಗ್ಗಿದಳು. ಆಯಿ ತನ್ನ ಗಾದಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಹೆಬ್ಬಟ್ಟ ನಂದಿತ್ತವ್ವಾ, ಹೊಲ ಮಕ್ಕಳದಿತ್ತು" ಎಂದಳು. ನೀವಾಗಿದ್ದರೆ ಅವಳ ಕೈಹಿಡಿದು ಇರಲಿ ಬಿಡಿ ಎನ್ನುತ್ತಿದ್ದಿರಿ. ನಾನು ಅನ್ನಲಿಲ್ಲ. ಅವಳ ಗಾದಿಯನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟೆ.

ಈಗ ಸುದ್ದಿ. ಸಾಲ ಆಯಿತು, ಅಬ್ಬಾ. ಮಷಿನ್ ಬಂದಿದೆ, ಹಸಿರು ಬಣ್ಣದ್ದು, ಬಾಗಿಲಿಗೇ ಇಟ್ಟಿದ್ದೇವೆ, ಗಾಳಿ ಬರುತ್ತದೆ, ಧೂಳು ರಸ್ತೆಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ನಾನೂ ಅಮ್ಮಿಯೂ ಅದರ ಹತ್ತಿರ ಹೋಗುವುದಿಲ್ಲ. ಮೊದಲು ಅದರ ಬಾಯಿಗೆ ಹಾಕಿದ್ದು ಕಾಶಮ್ಮ ಆಯಿಯ ಗಾದಿಯ ಹತ್ತಿ. ಹೊಲಿಗೆ ಬಿಚ್ಚುವಾಗ ನನ್ನ ಕೈ ಸೋತು ಹೋಯಿತು, ಎಷ್ಟು ಒತ್ತಾಗಿ ಹೊಲಿದಿದ್ದೀರಿ! ಒಳಗೆ ನೀವು ಬಿಲ್ಲಿನಿಂದ ಹಿಂಜಿದ ಹತ್ತಿ, ಇಷ್ಟು ವರ್ಷವಾದರೂ ಒಂದು ಗಂಟಿಲ್ಲ. ಅಮ್ಮಿ ಅದರಲ್ಲಿ ಮುಖವಿಟ್ಟು ಕೂತುಬಿಟ್ಟಳು.

ಅಷ್ಟರಲ್ಲಿ ಸಾಹೇಬರು ಮಷಿನ್ನಿನ ಫೋಟೋ ತೆಗೆಯಲು ಬಂದರು, ಬ್ಯಾಂಕಿನ ಗೋಡೆಗೆ ಹಾಕುತ್ತಾರಂತೆ, ಆ ನಗುವ ಹೆಂಗಸಿನ ಹಾಗೆ. "ಸ್ವಲ್ಪ ಗುಡಿಸಿಬಿಡಿ ಅಮ್ಮಾ, ಫೋಟೋ ಚೆನ್ನಾಗಿ ಬರುತ್ತದೆ" ಎಂದರು. ಅಮ್ಮಿ ಎದ್ದೇ ಎದ್ದಳು. ನಾನು ಅವಳನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಹಿಂಗೇ ತಗೀರಿ" ಎಂದೆ. ಫೋಟೋದಲ್ಲಿ ನಾನು ನಕ್ಕಿಲ್ಲ. ಕೂದಲು, ರೆಪ್ಪೆ, ಹುಬ್ಬು ಎಲ್ಲ ಬೆಳ್ಳಗೆ, ಕೆಲಸ ಮುಗಿಸಿ ಪರದೆ ಸರಿಸಿ ಒಳಗೆ ಬರುತ್ತಿದ್ದ ನಿಮ್ಮ ಹಾಗೆಯೇ ಇದ್ದೇನೆ.

ಯಾರು ಬರುತ್ತಾರೆಂದರೂ ಈ ಅಂಗಡಿಯನ್ನು ನಾನು ಗುಡಿಸುವುದಿಲ್ಲ. ಸಂಜೆ ಕೆಲಸ ಮುಗಿದ ಮೇಲೆ, ನಮಗಾಗಿ ಗುಡಿಸುತ್ತೇನೆ. ಇನ್ನೊಂದು ಮಾತು, ಕೇಳಿದರೆ ನಿಮಗೆ ಬೇಜಾರಾಗುತ್ತದೆ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಸಾಹೇಬರು ಎರಡು ಸಲ ಬಂದು ಹೋದರು. ಎರಡು ಸಲವೂ ನಾನು ಅವರಿಗೆ ಚಹಾ ಕೊಡಲಿಲ್ಲ.

ನಿಮ್ಮ ಬಿಟಿಯಾ